ಸೀಮೆಎಣ್ಣೆ ಬೋಗುಣಿಯಲ್ಲಿ ಹೋದ ಬಿಲ್ಲೆ

ನನ್ನ ಮೊದಲ ಹಳೇ ಟ್ರ್ಯಾಕ್ಟರ್ ಒಂದು ಫೋರ್ಡ್ 8ಎನ್. ತಂದ ವಾರದಲ್ಲೇ ಕಾರ್ಬೊರೇಟರ್ ಬಿಚ್ಚಿದೆ. ಸೀಮೆಎಣ್ಣೆ ಬೋಗುಣಿಯಲ್ಲಿ ರಾತ್ರಿಯಿಡೀ ನೆನೆಹಾಕಿ, ಬೆಳಿಗ್ಗೆ ವೈರ್ ಬ್ರಷ್ ಹಿಡಿದು ತಿಕ್ಕಿ ತಿಕ್ಕಿ ಹೊಸದರ ಹಾಗೆ ಮಾಡಿದೆ. ತುಂಬಾ ಖುಷಿಯಾಗಿತ್ತು. ಅದಕ್ಕೆ ಅಂಟಿಕೊಂಡಿದ್ದ ಒಂದು ಸಣ್ಣ ಬಿಲ್ಲೆ ಕಳಚಿ ಬೋಗುಣಿಯ ತಳಕ್ಕೆ ಬಿದ್ದಿತ್ತು. ಆ ಕಪ್ಪು ಎಣ್ಣೆಯನ್ನು ಚೆಲ್ಲುವಾಗ ಅದೂ ಜೊತೆಗೇ ಹೋಯಿತು. ನೋಡಿದೆ, ಆದರೆ ಹುಡುಕೋಕೆ ಹೋಗಲಿಲ್ಲ. ಚೂರು ತಗಡು ತಾನೇ ಅಂದುಕೊಂಡೆ.

ಆರು ತಿಂಗಳ ಮೇಲೆ ಗೊತ್ತಾಯಿತು, ಆ ಕಾರ್ಬೊರೇಟರಿನ ಜಾತಕವೇ ಆ ಬಿಲ್ಲೆಯಲ್ಲಿತ್ತು ಅಂತ. ಮಾರ್ವೆಲ್-ಶೆಬ್ಲರ್ ಕಂಪನಿಯ ಟಿಎಸ್‌ಎಕ್ಸ್-33 ಫೋರ್ಡಿನ ಹಿಂದಿನ ಮಾಡೆಲ್‌ಗಳಾದ 9ಎನ್ ಮತ್ತು 2ಎನ್‌ಗೆ, ಟಿಎಸ್‌ಎಕ್ಸ್-241 ನನ್ನ 8ಎನ್‌ಗೆ. ಎರಡೂ ದೂರದಿಂದ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಅದೇ ಅಳತೆಯಲ್ಲಿ ಬೇರೆಯವರು ಮಾಡಿದ ಬದಲಿ ಕಾರ್ಬೊರೇಟರುಗಳೂ ಇವೆ. ಬಿಲ್ಲೆ ಇದ್ದಿದ್ದರೆ ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ಈಗ ನನ್ನದು ಯಾವುದು ಅಂತ ಹೇಳಬೇಕಾದರೆ ಒಳಗಿನ ಜೆಟ್ಟು (ಪೆಟ್ರೋಲ್ ಬರುವ ಸಣ್ಣ ತೂತು), ವೆಂಚುರಿ (ಗಾಳಿ ಹೋಗುವ ಕಿರಿದಾದ ದಾರಿ) ಎಲ್ಲ ಬಿಚ್ಚಿ ಅಳೆಯಬೇಕು. ಅಳೆದು ಹೇಳಿದರೂ ಕೊಳ್ಳುವವನು ನಂಬಬೇಕಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು ಅಂತಾರಲ್ಲ, ಹಾಗೆ ಶುರುವಾಗಿದ್ದು ಈ ಹುಚ್ಚು. ಹಳೇ ಟ್ರ್ಯಾಕ್ಟರಿನ ಭಾಗ ಒರಿಜಿನಲ್ಲೋ ಅಲ್ಲವೋ ಹೇಗೆ ತಿಳಿಯೋದು, ಅದಕ್ಕೆ ಬೆಲೆ ಕಟ್ಟೋದು ಹೇಗೆ. ಇಷ್ಟು ವರ್ಷದಲ್ಲಿ ನನಗೆ ಅರ್ಥವಾಗಿದ್ದು ಒಂದೇ ವಿಷಯ: ಹಳೆಯದಾದ ಮಾತ್ರಕ್ಕೆ ಯಾವುದೂ ಒರಿಜಿನಲ್ ಅಲ್ಲ. ಆ ಭಾಗದ ತಾರೀಖು ಮತ್ತು ಆ ಟ್ರ್ಯಾಕ್ಟರಿನ ತಾರೀಖು ಒಂದಕ್ಕೊಂದು ಹೊಂದಬೇಕು. ಬೆಲೆ ಕೂಡ ಮುಕ್ಕಾಲು ಪಾಲು ಅಲ್ಲೇ ಕೂತಿರುತ್ತದೆ.

ಮೊದಲು ಈ "ಒರಿಜಿನಲ್" ಅನ್ನೋ ಪದ. ಮಾರುವವರ ಬಾಯಲ್ಲಿ ಇದು ರಬ್ಬರಿನ ಹಾಗೆ ಹಿಗ್ಗುತ್ತದೆ. ಫ್ಯಾಕ್ಟರಿಯಿಂದ ಟ್ರ್ಯಾಕ್ಟರ್ ಹೊರಬಂದಾಗ ಮೈಮೇಲೆ ಇದ್ದ ಭಾಗ, ಅದು ನಿಜವಾದ ಒರಿಜಿನಲ್. ಹತ್ತು ವರ್ಷ ಬಿಟ್ಟು ಕಂಪನಿಯ ಡೀಲರ್ ಹತ್ತಿರವೇ ಕೊಂಡು ಹಾಕಿಸಿದ ಭಾಗ ಕಂಪನಿಯದ್ದೇ, ಸುಳ್ಳಲ್ಲ, ಆದರೆ ಅದು ಜೊತೆಯಲ್ಲಿ ಹುಟ್ಟಿದ್ದಲ್ಲ. ಆ ಕಾಲದಲ್ಲೇ ಬೇರೆ ಕಂಪನಿ ಮಾಡಿ ಮಾರಿದ ಬದಲಿ ಭಾಗ ಇನ್ನೊಂದು. ಅಂದು ತಯಾರಾಗಿ ಇವತ್ತಿನವರೆಗೂ ಡಬ್ಬಿ ಬಿಚ್ಚದೆ ಉಳಿದ ಹೊಸ ಮಾಲು ಮತ್ತೊಂದು. ಕೊನೆಯದು ಈಗ ಹೊಸದಾಗಿ ಎರಕ ಹೊಯ್ದು ಹಳೆಯದರ ಹಾಗೆ ಮಾಡುವ ನಕಲು. ಈ ನಕಲನ್ನು ನಾನು ಬೈಯುವುದಿಲ್ಲ, ಅದಿಲ್ಲದಿದ್ದರೆ ಅರ್ಧ ಟ್ರ್ಯಾಕ್ಟರುಗಳು ಓಡುತ್ತಲೇ ಇರಲಿಲ್ಲ. ಆದರೆ ಅದನ್ನು ಎರಡು ಮಳೆಗೆ ಒಡ್ಡಿ, ತುಕ್ಕು ಹಿಡಿಸಿ, "ಹಳೇ ಸಾಮಾನು" ಅಂತ ಮಾರುವವರ ಮೇಲೆ ಮಾತ್ರ ಕೋಪ ಬರುತ್ತದೆ.

ನಂಬರುಗಳ ವಿಷಯಕ್ಕೆ ಬರೋಣ. ಟ್ರ್ಯಾಕ್ಟರಿನ ಮೈಮೇಲೆ ನಂಬರುಗಳು ಎರಡು ಥರ. ಒಂದು ಪಂಚ್ ಹೊಡೆದದ್ದು, ಒಳಕ್ಕೆ ಇಳಿದಿರುತ್ತದೆ. ಇನ್ನೊಂದು ಎರಕದಲ್ಲೇ ಬಂದದ್ದು, ಉಬ್ಬಿಕೊಂಡಿರುತ್ತದೆ. ಉಬ್ಬು ನಂಬರಿನ ಮೇಲೆ ಸೀಮೆಸುಣ್ಣವನ್ನು ಅಡ್ಡ ಹಿಡಿದು ಮೆಲ್ಲಗೆ ಉಜ್ಜಿದರೆ ಅಕ್ಷರದ ನೆತ್ತಿಗೆ ಮಾತ್ರ ಬಿಳಿ ಹತ್ತಿ ಓದೋಕೆ ಸಿಗುತ್ತದೆ. ಪಂಚ್ ಹೊಡೆದದ್ದಾದರೆ ಉಲ್ಟಾ, ಸುಣ್ಣ ತುಂಬಿ ಮೇಲೆ ಬಟ್ಟೆಯಲ್ಲಿ ಒರೆಸಬೇಕು. ಟಾರ್ಚನ್ನು ನೇರವಾಗಿ ಬಿಡಬೇಡಿ, ಪಕ್ಕದಿಂದ ಓರೆಯಾಗಿ ಬಿಡಿ. ವೈರ್ ಬ್ರಷ್ ಬೇಡ, ಗ್ರೈಂಡರ್ ಅಂತೂ ಬೇಡವೇ ಬೇಡ. ಎಂಬತ್ತು ವರ್ಷ ಉಳಿದ ನಂಬರನ್ನು ಅರ್ಧ ನಿಮಿಷದಲ್ಲಿ ತಿಂದುಹಾಕುತ್ತದೆ.

ಎರಕದ ನಂಬರ್ ಮತ್ತು ಪಾರ್ಟ್ ನಂಬರ್ ಒಂದೇ ಅಂತ ಬಹಳ ಜನ ತಿಳಿದಿದ್ದಾರೆ. ಒಂದೇ ಆಗಿರಬೇಕು ಅಂತೇನಿಲ್ಲ. ಒಂದೇ ಎರಕವನ್ನು ಎರಡು ಥರ ಕೊರೆದು, ತೂತು ಹೊಡೆದು, ಎರಡು ಬೇರೆ ಭಾಗಗಳಾಗಿ ಮಾರಿರುತ್ತಾರೆ. ಹಾಗಾಗಿ ಪಾರ್ಟ್ಸ್ ಬುಕ್ಕಿನಲ್ಲಿ ಎರಕದ ನಂಬರ್ ಹುಡುಕಿ ಸಿಗದಿದ್ದರೆ ಗಾಬರಿ ಆಗಬೇಡಿ. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ನಂಬರುಗಳ ಕೊನೆಯಲ್ಲಿ ಡಿ, ಡಿಎ, ಆರ್1 ಇಂಥ ಬಾಲ ಇರುತ್ತದೆ. ಜಾನ್ ಡಿಯರ್ ಎರಡು ಸಿಲಿಂಡರಿನ ಟ್ರ್ಯಾಕ್ಟರುಗಳಲ್ಲಿ ಮುಂದೆ ಎ, ಬಿ, ಡಿ ಅಂತ ಒಂದು ಅಕ್ಷರ, ಕೊನೆಗೆ ಒಂದು ಆರ್.

ಇಲ್ಲೊಂದು ಮೋಜಿದೆ. ಮಾಡೆಲ್ ಎ ಟ್ರ್ಯಾಕ್ಟರಿನಲ್ಲಿ ಡಿ ಅಂತ ಶುರುವಾಗುವ ಎರಕ ಸಿಕ್ಕಿದರೆ "ಅಯ್ಯೋ, ಬೇರೆ ಗಾಡಿಯದ್ದು ತಂದು ಹಾಕಿದ್ದಾರೆ" ಅಂತ ತೀರ್ಮಾನ ಮಾಡಬಾರದು. ಆ ಅಕ್ಷರ ಹೇಳುವುದು ಆ ಭಾಗವನ್ನು ಮೊದಲು ಯಾವ ಮಾಡೆಲ್‌ಗೆ ಅಂತ ಮಾಡಿದರು ಅನ್ನುವುದನ್ನು. ಆಮೇಲೆ ಬಂದ ಮಾಡೆಲ್‌ಗೂ ಅದನ್ನೇ ಹಾಕಿರಬಹುದು. ಫೋರ್ಡಿನಲ್ಲೂ ಹೀಗೇ, 8ಎನ್ ತುಂಬಾ 9ಎನ್ ಅಂತ ಗುರುತಿರುವ ಭಾಗಗಳೇ. 1942ರಲ್ಲಿ ಬಂದ 2ಎನ್ ಅಂತೂ ಇನ್ನೂ ವಿಚಿತ್ರ. ಅದರ ಇಂಜಿನ್ ಮೇಲಿನ ಸೀರಿಯಲ್ ನಂಬರ್ ಕೂಡ 9ಎನ್ ಅಂತಲೇ ಶುರುವಾಗುತ್ತದೆ. ಇದು ಗೊತ್ತಿಲ್ಲದೆ ಒಬ್ಬರು ತಮ್ಮ ಅಪ್ಪಟ 2ಎನ್ ಅನ್ನು "ಇಂಜಿನ್ ಬದಲಾಗಿದೆ" ಅಂತ ತಾವೇ ಹೇಳಿಕೊಂಡು ಕಡಿಮೆಗೆ ಕೊಟ್ಟುಬಿಟ್ಟಿದ್ದನ್ನು ಕಣ್ಣಾರೆ ನೋಡಿದ್ದೇನೆ. ಕೊಂಡವನು ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ, ಆಗ ನನಗೂ ಗೊತ್ತಿರಲಿಲ್ಲ!

ಈಗ ತಾರೀಖು. ಎರಕ ಹೊಯ್ಯುವಾಗ ಎಷ್ಟೋ ಕಂಪನಿಗಳು ಅಚ್ಚಿನಲ್ಲೇ ತಾರೀಖಿನ ಗುರುತು ಇಡುತ್ತಿದ್ದವು. ಇಂಟರ್‌ನ್ಯಾಷನಲ್ ಹಾರ್ವೆಸ್ಟರಿನಲ್ಲಿ ತಿಂಗಳು, ದಿನ, ಆಮೇಲೆ ವರ್ಷಕ್ಕೆ ಒಂದು ಅಕ್ಷರ. ಇದನ್ನು ಓದೋದು ಕಲಿತರೆ ಟ್ರ್ಯಾಕ್ಟರ್ ಪುಸ್ತಕದ ಹಾಗೆ ತೆರೆದುಕೊಳ್ಳುತ್ತದೆ. ಲೆಕ್ಕ ಸುಲಭ: ಎರಕ ಮೊದಲು, ಜೋಡಣೆ ಆಮೇಲೆ. ಬ್ಲಾಕು, ಗೇರ್ ಬಾಕ್ಸು, ಹಿಂದಿನ ಹೌಸಿಂಗು, ಇವೆಲ್ಲ ಟ್ರ್ಯಾಕ್ಟರ್ ತಯಾರಾಗುವ ಸ್ವಲ್ಪ ಮುಂಚೆ ಹೊಯ್ದವಾಗಿರಬೇಕು. ಕೆಲವು ವಾರ, ಕೆಲವು ತಿಂಗಳು ಮುಂಚೆ ಆಗಿದ್ದರೆ ಚಿಂತೆಯಿಲ್ಲ. ಆದರೆ ಟ್ರ್ಯಾಕ್ಟರ್ ಹುಟ್ಟಿದ ಮೇಲೆ ಎರಕವಾದ ಭಾಗ ಅದರ ಜೊತೆ ಹುಟ್ಟಿರೋಕೆ ಸಾಧ್ಯವಿಲ್ಲ, ಅಲ್ವಾ? ಇಷ್ಟು ಸರಳ. ಹೀಗಿದ್ದೂ ಮಾರುವವರು, ಕೊಳ್ಳುವವರು ಇಬ್ಬರೂ ನೋಡದೆ ವ್ಯಾಪಾರ ಮುಗಿಸುತ್ತಾರೆ.

ಒಂದು ಸಲ ನಡೆದಿದ್ದು ಹೇಳುತ್ತೇನೆ. ಒಬ್ಬರು "ಒಂದು ನಟ್ಟು ಕೂಡ ಬದಲಾಗಿಲ್ಲ" ಅಂತ 8ಎನ್ ತೋರಿಸಿದರು. ಬೂದು ಬಾನೆಟ್, ಕೆಂಪು ಹೊಟ್ಟೆ, ನೋಡೋಕೆ ಮದುವೆ ಗಂಡಿನ ಹಾಗಿತ್ತು. 8ಎನ್‌ನ ಸೀರಿಯಲ್ ನಂಬರ್ ಇಂಜಿನ್ ಬ್ಲಾಕಿನ ಎಡಗಡೆ ಇರುತ್ತದೆ, ಎರಡೂ ಕೊನೆಗೆ ಒಂದೊಂದು ನಕ್ಷತ್ರ. ಬಗ್ಗಿ ಸುಣ್ಣ ತುಂಬಿ ಒರೆಸಿ ಓದಿದೆ. ಎರಡು ಲಕ್ಷಕ್ಕೂ ಕೆಳಗಿನ ನಂಬರ್. ಎದ್ದು ಬಲಗಡೆ ಬಂದು ನೋಡಿದರೆ ಡಿಸ್ಟ್ರಿಬ್ಯೂಟರ್, ಅಂದರೆ ಸ್ಪಾರ್ಕ್ ಪ್ಲಗ್ಗುಗಳಿಗೆ ಸರದಿಯಂತೆ ವಿದ್ಯುತ್ ಹಂಚುವ ಭಾಗ, ಇಂಜಿನ್ನಿನ ಪಕ್ಕದಲ್ಲಿ ನಿಂತಿದೆ.

8ಎನ್‌ನಲ್ಲಿ ಡಿಸ್ಟ್ರಿಬ್ಯೂಟರ್ ಮೊದಲು ಇಂಜಿನ್ನಿನ ಮುಂಭಾಗದಲ್ಲಿ, ಫ್ಯಾನಿನ ಹಿಂದೆ, ಕೈ ಹಾಕೋಕೂ ಕಷ್ಟವಾಗುವ ಜಾಗದಲ್ಲಿತ್ತು. ಅದರೊಳಗಿನ ಪಾಯಿಂಟ್ ಸರಿಮಾಡೋಕೆ ಅದನ್ನು ಪೂರ್ತಿ ಬಿಚ್ಚಿ ಹೊರಗೆ ತರೋದೇ ವಾಸಿ. ಜನ ಬೈದು ಬೈದು ಸುಸ್ತಾದ ಮೇಲೋ ಏನೋ, 1950ರಲ್ಲಿ ಅದನ್ನು ಪಕ್ಕಕ್ಕೆ ತಂದರು. ಬದಲಾಗಿದ್ದು 263844ನೇ ನಂಬರಿನಿಂದ. ಅದಕ್ಕಿಂತ ಕೆಳಗಿನ ನಂಬರಿನ ಗಾಡಿಯಲ್ಲಿ ಪಕ್ಕದ ಡಿಸ್ಟ್ರಿಬ್ಯೂಟರ್ ಇದೆ ಅಂದರೆ ಬ್ಲಾಕು ಬೇರೆಯದು, ಅದರ ಮೇಲೆ ಯಾರೋ ಆ ನಂಬರನ್ನು ಆಮೇಲೆ ಹೊಡೆದಿದ್ದಾರೆ. ಡ್ಯಾಶಿನಲ್ಲಿ ಇಂಜಿನ್ನಿನ ವೇಗ, ಓಡಿದ ಗಂಟೆ ತೋರಿಸುವ ಪ್ರೂಫ್‌ಮೀಟರ್ ಬೇರೆ ಇತ್ತು, ಅದೂ ಆ ಬದಲಾವಣೆಯ ನಂತರ ಬಂದ ಸಾಮಾನು. ನಾನು ಏನೂ ವಾದ ಮಾಡಲಿಲ್ಲ. "ಇಂಜಿನ್ ಯಾವಾಗ ಬದಲಾಯಿಸಿದ್ರಿ?" ಅಂತ ಸುಮ್ನೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ತಂದೆ ಕಾಲದಲ್ಲಿ" ಅಂದರು. ಆಮೇಲೆ ಮಾತೆಲ್ಲ ಸಲೀಸಾಯಿತು, ಬೆಲೆಯೂ ಇಳಿಯಿತು. ಟ್ರ್ಯಾಕ್ಟರ್ ಚೆನ್ನಾಗೇ ಇತ್ತು, ಪಕ್ಕದ ಡಿಸ್ಟ್ರಿಬ್ಯೂಟರ್ ಕೆಲಸಕ್ಕೆ ಎಷ್ಟೋ ವಾಸಿ. ಬರೀ ಆ "ಒಂದು ನಟ್ಟು ಕೂಡ" ಅನ್ನೋ ಮಾತು ತಪ್ಪು.

ಇಲ್ಲಿ ಇನ್ನೊಂದು ಸಿಕ್ಕು ಇದೆ. 8ಎನ್‌ನ ನಂಬರ್ ಇಂಜಿನ್ ಮೇಲೆ ಇರುವುದರಿಂದ ಇಂಜಿನ್ ಹೋದರೆ ಟ್ರ್ಯಾಕ್ಟರಿನ ಹುಟ್ಟಿದ ದಿನವೂ ಅದರ ಜೊತೆ ಹೋಗುತ್ತದೆ. ಬ್ರಿಟನ್ನಿನ ಫರ್ಗುಸನ್ ಟಿಇ20ಯಲ್ಲಿ ಬೇರೆ ರೀತಿ, ಸ್ಟೇರಿಂಗ್ ಹತ್ತಿರ ಡ್ಯಾಶಿಗೆ ಪ್ಲೇಟು ಹೊಡೆದಿರುತ್ತಾರೆ. 1946ರಿಂದ 1956ರವರೆಗೆ ಕೊವೆಂಟ್ರಿಯ ಬ್ಯಾನರ್ ಲೇನ್‌ನಲ್ಲಿ ಐದು ಲಕ್ಷಕ್ಕೂ ಜಾಸ್ತಿ ತಯಾರಾದವು. ಪ್ಲೇಟಿನ ಮೇಲಿನ ಅಕ್ಷರಗಳೇ ಇಂಜಿನ್ ಯಾವುದು ಅಂತ ಹೇಳುತ್ತವೆ: ಟಿಇಎ ಅಂದರೆ ಪೆಟ್ರೋಲ್, ಟಿಇಡಿ ಅಂದರೆ ಸೀಮೆಎಣ್ಣೆ ಜಾತಿಯ ಟ್ರ್ಯಾಕ್ಟರ್ ಎಣ್ಣೆ, ಟಿಇಎಫ್ ಅಂದರೆ ಡೀಸೆಲ್. ಪ್ಲೇಟು ಟಿಇಎಫ್ ಅನ್ನುತ್ತಿದೆ, ಬಾನೆಟ್ ಕೆಳಗೆ ಪೆಟ್ರೋಲ್ ಇಂಜಿನ್ ಕೂತಿದೆ ಅಂದರೆ ಕಥೆ ಗೊತ್ತಾಯಿತಲ್ಲ. ಆದರೆ ಪ್ಲೇಟು ಅಂದರೆ ತಗಡು, ತಗಡನ್ನು ಬಿಚ್ಚಬಹುದು. ಹೊಸ ಪ್ಲೇಟುಗಳನ್ನೂ ಮಾರುತ್ತಾರೆ. ನಾನು ಮೊದಲು ರಿವೆಟ್ ನೋಡುತ್ತೇನೆ. ಸುತ್ತ ಹಳೇ ಬಣ್ಣ ಬಿರುಕು ಬಿಟ್ಟಿದೆಯಾ? ಪ್ಲೇಟು ಮಾಸಿದೆ, ರಿವೆಟ್ ಮಾತ್ರ ಹೊಳೆಯುತ್ತಿದೆಯಾ? ಹಾಗಿದ್ದರೆ ಪ್ಲೇಟಿನ ಮಾತನ್ನು ಪೂರ್ತಿ ನಂಬಬೇಡಿ, ಎರಕದ ತಾರೀಖುಗಳನ್ನು ಕೇಳಿ.

ಬಣ್ಣ. ಇದರಲ್ಲಿ ಜನ ಮೋಸ ಹೋಗುವಷ್ಟು ಬೇರೆ ಯಾವುದರಲ್ಲೂ ಹೋಗುವುದಿಲ್ಲ, ಮೇಲೆ ಥಳುಕು ಒಳಗೆ ಹುಳುಕು ಅನ್ನೋದು ಟ್ರ್ಯಾಕ್ಟರಿಗೆಂದೇ ಹುಟ್ಟಿದ ಗಾದೆ ಅನಿಸುತ್ತದೆ. ಇಂಟರ್‌ನ್ಯಾಷನಲ್ ಹಾರ್ವೆಸ್ಟರಿನ ಫಾರ್ಮಾಲ್ ಅಂದರೆ ಕೆಂಪು ಅಂತ ಎಲ್ಲರ ಕಣ್ಣಲ್ಲೂ ಕೂತಿದೆ. ಆದರೆ 1936ರ ಕೊನೆಯವರೆಗೂ ಫಾರ್ಮಾಲ್‌ಗಳ ಬಣ್ಣ ಬೂದು. 1934ರ ಎಫ್-12 ಕೆಂಪಗೆ ಹೊಳೆಯುತ್ತಿದ್ದರೆ ಅದು ಆಮೇಲೆ ಬಳಿದಿದ್ದು. ಫೋರ್ಡ್ 9ಎನ್, 2ಎನ್ ಪೂರ್ತಿ ಬೂದು, ಕೆಳಗೆ ಕೆಂಪು ಬಂದಿದ್ದು 1947ರಲ್ಲಿ 8ಎನ್ ಜೊತೆ. ಬೂದು-ಕೆಂಪು 9ಎನ್‌ಗಳನ್ನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಯಾರೋ ಪಾಪ ಇದೇ ಚೆನ್ನಾಗಿ ಕಾಣುತ್ತೆ ಅಂತ ಬಳಿದಿರುತ್ತಾರೆ.

ಹಳೇ ಬಣ್ಣ ಹುಡುಕಬೇಕಾದರೆ ಮಳೆ, ಬಿಸಿಲು, ಬ್ರಷ್ಷು ಮೂರೂ ತಲುಪದ ಜಾಗಕ್ಕೆ ಹೋಗಿ. ಬ್ಯಾಟರಿ ತಟ್ಟೆಯ ಕೆಳಗೆ ಬೇಡ, ಆಸಿಡ್ ಅಲ್ಲಿ ಎಲ್ಲ ತಿಂದಿರುತ್ತದೆ. ಪೆಟ್ರೋಲ್ ಟ್ಯಾಂಕಿನ ಪಟ್ಟಿ ಕೂರುವ ಕಡೆ, ಬಾನೆಟ್ಟಿನ ಒಳಮೈ, ಸ್ಟೇರಿಂಗ್ ಕಂಬದ ಹಿಂಭಾಗ, ಲಾಂಛನದ ಬಿಲ್ಲೆಯ ಹಿಂದೆ ನೋಡಿ. ಗ್ರೀಸು ಮತ್ತು ಧೂಳು ಸೇರಿ ಗಟ್ಟಿಯಾದ ಹೆಕ್ಕಳೆ ಇದ್ದರೆ ಅದೃಷ್ಟ ಅಂದುಕೊಳ್ಳಿ. ಅದನ್ನು ಮರದ ಚೂರಿನಲ್ಲಿ ಮೆಲ್ಲಗೆ ಎಬ್ಬಿಸಿ, ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದರೆ ಕೆಳಗೆ ಎಪ್ಪತ್ತು ಎಂಬತ್ತು ವರ್ಷದ ಬಣ್ಣ ಹಾಗೇ ನಿದ್ದೆ ಮಾಡುತ್ತಿರುತ್ತದೆ. ಬೇರೆ ಟ್ರ್ಯಾಕ್ಟರಿನಿಂದ ಬಂದ ಭಾಗವಾದರೆ ಅಲ್ಲೇ ಸಿಕ್ಕಿಬೀಳುತ್ತದೆ, ಪದರ ಲೆಕ್ಕ ಹೊಂದುವುದಿಲ್ಲ. ಮೈಯೆಲ್ಲ ಎರಡು ಪದರ, ಒಂದು ಮಡ್‌ಗಾರ್ಡಿಗೆ ಮಾತ್ರ ನಾಲ್ಕು ಪದರ, ಮಧ್ಯದಲ್ಲಿ ಒಂದು ಹಸಿರು ಬೇರೆ!

ಚಕ್ರಗಳ ಬಗ್ಗೆ ಎರಡು ಮಾತು ಹೇಳಲೇಬೇಕು. ಗಾಳಿ ತುಂಬಿದ ಟೈರು ಟ್ರ್ಯಾಕ್ಟರಿಗೆ ಬಂದಿದ್ದು 1932ರಲ್ಲಿ, ಆಲಿಸ್-ಚಾಮರ್ಸ್ ಮಾಡೆಲ್ ಯು ಜೊತೆ. ಅದಕ್ಕೂ ಮುಂಚಿನವು ಬಹುಪಾಲು ಕಬ್ಬಿಣದ ಚಕ್ರದ ಮೇಲೆ ಓಡಿದವು. ಟೈರು ಸಿಗೋಕೆ ಶುರುವಾದ ಮೇಲೆ ರೈತರು ಕಬ್ಬಿಣದ ಚಕ್ರದ ಹೊರ ಸುತ್ತನ್ನು ಕತ್ತರಿಸಿ, ಅರೆಗಳ ತುದಿಗೆ ಟೈರಿನ ರಿಮ್ಮು ವೆಲ್ಡ್ ಮಾಡಿಸಿಕೊಂಡರು. ಮೈ ಕೈ ನೋಯಿಸಿಕೊಂಡು ಉಳುತ್ತಿದ್ದವರಿಗೆ ಯಾರು ತಾನೇ ಬೇಡ ಅಂತಾರೆ. ಹಾಗಾಗಿ ಕತ್ತರಿಸದೆ ಉಳಿದ ಕಬ್ಬಿಣದ ಚಕ್ರದ ಜೋಡಿಗೆ ಇವತ್ತು ಒಳ್ಳೆ ಬೇಡಿಕೆ, ಅದರಲ್ಲೂ ಹಲ್ಲುಗಳೆಲ್ಲ ಇದ್ದರೆ. ಎರಡನೇ ಮಹಾಯುದ್ಧದಲ್ಲಿ ಲೆಕ್ಕ ತಿರುಗುಮುರುಗಾಯಿತು. ರಬ್ಬರಿಗೆ ತಾಮ್ರಕ್ಕೆ ಬರ ಬಂದು ಫೋರ್ಡ್ 2ಎನ್ ಕಬ್ಬಿಣದ ಚಕ್ರ ಮತ್ತು ತಾನೇ ಕಿಡಿ ಹುಟ್ಟಿಸುವ ಮ್ಯಾಗ್ನೆಟೊ ಹಾಕಿಕೊಂಡು, ಬ್ಯಾಟರಿ ಇಲ್ಲದೆ ಹೊರಬಂತು. ಯುದ್ಧ ಮುಗಿದದ್ದೇ ತಡ ಅವಕ್ಕೆಲ್ಲ ಟೈರು, ಬ್ಯಾಟರಿ ಬಂದವು.

ಈಗ ಅಂಥ 2ಎನ್ ಸಿಕ್ಕಿದರೆ ಮತ್ತೆ ಕಬ್ಬಿಣದ ಚಕ್ರ ಹುಡುಕಿ ಹಾಕಬೇಕಾ? ಈ ವಿಷಯಕ್ಕೆ ನನ್ನ ಗೆಳೆಯರು ಜಗಳಕ್ಕೇ ನಿಲ್ಲುತ್ತಾರೆ. ನನ್ನ ಮಟ್ಟಿಗೆ, ಆ ಕಾಲದಲ್ಲೇ ರೈತ ಮಾಡಿಸಿದ ಬದಲಾವಣೆ ಟ್ರ್ಯಾಕ್ಟರಿನ ಬದುಕಿನ ಭಾಗ. ಅದನ್ನು ಹಾಗೇ ಬಿಡುತ್ತೇನೆ. ಹಾಗಂತ ಮಾರುವಾಗ "ಫ್ಯಾಕ್ಟರಿ ಟೈರು" ಅಂತ ಹೇಳುವುದಿಲ್ಲ.

ನಟ್ಟು ಬೋಲ್ಟು ನೋಡೋದು ನನಗೆ ತುಂಬಾ ಇಷ್ಟದ ಕೆಲಸ. ಎಲ್ಲರೂ ದೊಡ್ಡ ಭಾಗ ನೋಡುತ್ತಾರೆ, ಸುಳ್ಳು ಸಿಗುವುದು ಸಣ್ಣದರಲ್ಲಿ. ಬೋಲ್ಟಿನ ತಲೆಯ ಮೇಲೆ 8.8 ಅಂತ ಇದ್ದರೆ ಅದು ಮೆಟ್ರಿಕ್, 1940ರ ಅಮೆರಿಕದ ಟ್ರ್ಯಾಕ್ಟರಿನಲ್ಲಿ ಅದಕ್ಕೆ ಏನು ಕೆಲಸ? ಯಾರೋ ಇತ್ತೀಚೆಗೆ ಅಲ್ಲಿ ಬಿಚ್ಚಿದ್ದಾರೆ ಅಂತ ಅರ್ಥ. ಚೌಕ ತಲೆಯ ಬೋಲ್ಟು, ಕಿರೀಟದ ನಟ್ಟು, ಅದರೊಳಗೆ ತುಕ್ಕು ಹಿಡಿದ ಕಾಟರ್ ಪಿನ್ನು ಹಾಗೇ ಇದ್ದರೆ ಅಲ್ಲಿಗೆ ಯಾರೂ ಕೈ ಹಾಕಿಲ್ಲ. ಕಂಪನಿಯ ಗುರುತು ಇರುವ ಬೋಲ್ಟುಗಳನ್ನು ನಾನು ಗುಜರಿ ರಾಶಿಯಲ್ಲೂ ಆರಿಸಿಕೊಳ್ಳುತ್ತೇನೆ. ಜನ ನಗುತ್ತಾರೆ, ನಗಲಿ. ಟೂಲ್ಸ್ ಕೂಡ ಹಾಗೇ. ಫರ್ಗುಸನ್ ಜೊತೆ ಬರುತ್ತಿದ್ದ ಸ್ಪ್ಯಾನರಿನ ಕೈಯ ಮೇಲೆ ಇಂಚಿನ ಗುರುತುಗಳಿದ್ದವು, ಅದನ್ನೇ ಅಳತೆಪಟ್ಟಿ ಮಾಡಿಕೊಂಡು ನೇಗಿಲು ಹೊಂದಿಸಬಹುದಿತ್ತು. ಎಷ್ಟೋ ಗಾಡಿ ಉಳಿದಿವೆ, ಅದರ ಸ್ಪ್ಯಾನರ್ ಮಾತ್ರ ಯಾವುದೋ ಗದ್ದೆಯ ಮಣ್ಣಲ್ಲಿದೆ.

ನಕಲು ಭಾಗ ಗುರುತಿಸೋಕೆ ಕಣ್ಣಿಗಿಂತ ಕೈಯೇ ವಾಸಿ. ತಗಡಿನ ಅಂಚನ್ನು ಬೆರಳಲ್ಲಿ ಹಿಡಿದರೆ ದಪ್ಪ ಗೊತ್ತಾಗುತ್ತದೆ, ನಕಲು ಬಾನೆಟ್ಟು ಸಾಮಾನ್ಯವಾಗಿ ತೆಳು, ತಟ್ಟಿದರೆ ಡಬ್ಬದ ಸದ್ದು. ಎರಕದ ಭಾಗವಾದರೆ ಅಚ್ಚಿನ ಎರಡು ಅರ್ಧ ಸೇರುವ ಗೆರೆ ನೋಡಿ, ಹಳೆಯದರಲ್ಲಿ ಅದನ್ನು ಉಜ್ಜಿ ಸವರಿರುತ್ತಾರೆ, ಹೊಸದರಲ್ಲಿ ಬೆರಳು ಕುಯ್ಯುವಷ್ಟು ಚೂಪು. ಅಸಲಿ ಎರಕವನ್ನೇ ಅಚ್ಚು ಮಾಡಿಕೊಂಡು ಹೊಯ್ದ ನಕಲು ಇನ್ನೂ ಸುಲಭ. ಕಬ್ಬಿಣ ಆರಿದಾಗ ಕುಗ್ಗುತ್ತದೆ, ಹಾಗಾಗಿ ಅದು ಅಸಲಿಗಿಂತ ಕೂದಲೆಳೆಯಷ್ಟು ಚಿಕ್ಕದು, ಅಕ್ಷರಗಳ ಮೂಲೆ ಸವೆದ ಸೋಪಿನ ಹಾಗೆ ಮೊಂಡು. ಗೇಜುಗಳಲ್ಲಿ ಗಾಜಿಗೆ ಬದಲು ಪ್ಲಾಸ್ಟಿಕ್, ಅಂಕಿಗಳ ಆಕಾರ ಬೇರೆ. ಬಾನೆಟ್ಟಿನ ಮೇಲೆ ಒಂದು ಅಯಸ್ಕಾಂತ ಓಡಿಸಿ. ಎಲ್ಲಿ ಹಿಡಿಯುವುದಿಲ್ಲವೋ ಅಲ್ಲಿ ಪುಟ್ಟಿ.

ಈ ಅಯಸ್ಕಾಂತದ ಪರೀಕ್ಷೆಗೆ ಒಂದು ಸುಂದರವಾದ ಅಪವಾದ ಇದೆ. 1939ರಲ್ಲಿ ಬಂದ ಮೊದಮೊದಲ ಕೆಲವು ನೂರು 9ಎನ್‌ಗಳಿಗೆ ಬಾನೆಟ್ಟೇ ಎರಕದ ಅಲ್ಯೂಮಿನಿಯಮ್. ಏಟು ಬಿದ್ದರೆ ನೆಗ್ಗುವ ಬದಲು ಒಡೆಯುತ್ತಿತ್ತು, ಒಡೆದದ್ದಕ್ಕೆ ಆಮೇಲೆ ಉಕ್ಕಿನದ್ದು ಹಾಕಿಕೊಂಡರು. ಆದ್ದರಿಂದ ಯಾವುದಾದರೂ ಕೊಟ್ಟಿಗೆಯಲ್ಲಿ ಅಯಸ್ಕಾಂತ ಎಲ್ಲೂ ಹಿಡಿಯದ 9ಎನ್ ಬಾನೆಟ್ ಸಿಕ್ಕಿದರೆ ಮುಖದಲ್ಲಿ ಏನೂ ತೋರಿಸಬೇಡಿ. ಜಾನ್ ಡಿಯರ್ ಮಾಡೆಲ್ ಡಿಯಲ್ಲೂ ಹೀಗೊಂದು ಭಾಗವಿದೆ. 1923ರಿಂದ 1925ರವರೆಗಿನವುಗಳ ಫ್ಲೈವೀಲಿಗೆ ಗಾಡಿ ಚಕ್ರದ ಹಾಗೆ ಅರೆಗಳಿದ್ದವು, ಆಮೇಲಿನದು ಗಟ್ಟಿ ತಟ್ಟೆ. ಆ ಅರೆ ಫ್ಲೈವೀಲಿಗಾಗಿ ಜನ ಪೂರ್ತಿ ಟ್ರ್ಯಾಕ್ಟರ್ ಕೊಂಡಿದ್ದಾರೆ.

ಬೆಲೆ ಕಟ್ಟೋದು ಹೇಗೆ? ಪುಸ್ತಕದಲ್ಲಿ ಬರೆದ ಬೆಲೆ, ಮಾರುವವರು ಕೇಳುವ ಬೆಲೆ ಎರಡನ್ನೂ ಬದಿಗಿಡಿ. ಕೇಳೋದಕ್ಕೆ ಯಾರು ಏನು ಬೇಕಾದರೂ ಕೇಳಬಹುದು. ಅಂಥದ್ದೇ ಭಾಗ ನಿಜವಾಗಿ ಎಷ್ಟಕ್ಕೆ ಕೈ ಬದಲಾಯಿತು ಅನ್ನೋದು ಮಾತ್ರ ಲೆಕ್ಕ. ಆಮೇಲೆ ನೋಡಬೇಕಾದದ್ದು ಎಷ್ಟು ಉಳಿದಿವೆ, ಎಷ್ಟು ಜನಕ್ಕೆ ಬೇಕು. 8ಎನ್ ಕೂಡ ಐದು ಲಕ್ಷ ದಾಟಿ ತಯಾರಾದ ಗಾಡಿ. ಅದರ ಹಿಂದಿನ ಆಕ್ಸಲ್ ಎಷ್ಟೇ ಅಸಲಿಯಾದರೂ ಗುಜರಿಯಲ್ಲೂ ಸಿಗುತ್ತದೆ, ಅಸಲಿ ಅಂತ ಹೇಳಿ ಜಾಸ್ತಿ ಕೇಳಿದರೆ ನಗುತ್ತಾರೆ. ಇನ್ನೊಂದು ಕಡೆ, ಅತಿ ಅಪರೂಪದ ಭಾಗ ಇದೆ, ಆದರೆ ಅದು ಹೊಂದುವ ಟ್ರ್ಯಾಕ್ಟರ್ ಜಗತ್ತಿನಲ್ಲಿ ಹತ್ತೇ ಉಳಿದಿವೆ ಅಂದರೆ ಕೊಳ್ಳುವವರೂ ಹತ್ತೇ ಜನ. ಅವರಲ್ಲಿ ಒಬ್ಬ ಸಿಗುವವರೆಗೆ ಅದು ನಿಮ್ಮ ಮನೆಯ ಬಾಗಿಲು ತಡೆಯೋ ಕಲ್ಲು.

ಫ್ಯಾಕ್ಟರಿಯದ್ದೇ ಅಲ್ಲದ, ಆದರೂ ಬೆಲೆ ಬಾಳುವ ಭಾಗಗಳೂ ಇವೆ. 8ಎನ್‌ಗೆ ಜನ ಹಾಕಿಸಿಕೊಳ್ಳುತ್ತಿದ್ದ, ಹೆಚ್ಚುವರಿ ಗೇರು ಕೊಡುವ ಶರ್ಮನ್ ಗೇರ್ ಬಾಕ್ಸು, ಫಂಕ್ ಕಂಪನಿಯವರು ಆರು ಸಿಲಿಂಡರು, ವಿ8 ಇಂಜಿನ್ ಕೂರಿಸೋಕೆ ಮಾಡಿದ ಎರಕಗಳು, ಇವು ಹುಟ್ಟಿನಿಂದ ಬಂದವಲ್ಲ. ಆದರೂ ಆ ಕಾಲದವು, ಆ ಗಾಡಿಗೆಂದೇ ಮಾಡಿದವು. ಬರಿಯ ಒರಿಜಿನಲ್ ಭಾಗಕ್ಕಿಂತ ಇವಕ್ಕೆ ಜಾಸ್ತಿ ಕೊಡುವವರಿದ್ದಾರೆ.

ಸ್ಥಿತಿ ನೋಡುವಾಗ "ಕೆಲಸ ಮಾಡುತ್ತಾ" ಅನ್ನೋದಕ್ಕಿಂತ "ಸರಿಮಾಡೋಕೆ ಆಗುತ್ತಾ" ಅನ್ನೋದು ದೊಡ್ಡ ಪ್ರಶ್ನೆ. ತಿರುಗದೆ ಹಿಡಿದುಕೊಂಡ ಇಂಜಿನ್ ಬಿಡಿಸಬಹುದು. ಚಳಿಗೆ ನೀರು ಗಡ್ಡೆಕಟ್ಟಿ ಸೀಳಿದ ಬ್ಲಾಕು ಕಷ್ಟ. ಮ್ಯಾಗ್ನೆಟೊ ನೋಡುವಾಗ ನಾನು ಕೈಯಲ್ಲೇ ಮೆಲ್ಲಗೆ ತಿರುಗಿಸುತ್ತೇನೆ. ಸ್ಟಾರ್ಟ್ ಮಾಡುವಾಗ ಅದನ್ನು ಝಟ್ಟನೆ ತಿರುಗಿಸುವ ಇಂಪಲ್ಸ್ ಸ್ಪ್ರಿಂಗ್ ಟಕ್ ಅಂತ ಬಿಡಬೇಕು, ಆ ಸದ್ದು ಬಂತು ಅಂದರೆ ಅರ್ಧ ಜೀವ ಇದೆ. ಕಾಯಿಲು, ಕಂಡೆನ್ಸರು ಹೋಗಿದ್ದರೆ ಬದಲಾಯಿಸಬಹುದು. ಆದರೆ ಜಿಂಕ್ ಎರಕದ ಮೈ ಉಬ್ಬಿ, ಸಣ್ಣ ಸಣ್ಣ ಬಿರುಕು ಬಿಟ್ಟಿದ್ದರೆ ಕೈ ಮುಗಿದು ಬನ್ನಿ. ಆ ಲೋಹದಲ್ಲಿ ಕಲಬೆರಕೆ ಇದ್ದರೆ ವರ್ಷಗಳು ಕಳೆದಂತೆ ತಾನಾಗೇ ಪುಡಿಯಾಗುತ್ತದೆ, ಯಾವ ವೆಲ್ಡಿಂಗೂ ಹಿಡಿಯುವುದಿಲ್ಲ.

ಡಬ್ಬಿ ಬಿಚ್ಚದ ಹಳೇ ಹೊಸ ಮಾಲಿನ ಆಸೆ ಎಲ್ಲರಿಗೂ ಇದೆ, ನನಗೂ ಇದೆ. ಒಂದು ಸಲ ಕಂಪನಿಯ ಹೆಸರಿದ್ದ ಹಳದಿಗಟ್ಟಿದ ಡಬ್ಬಿ ನೋಡಿ ಕಣ್ಣು ಮುಚ್ಚಿ ಕೊಂಡುಬಿಟ್ಟೆ. ಮನೆಗೆ ಬಂದು ಬಿಚ್ಚಿದರೆ ಒಳಗೆ ಮೊನ್ನೆ ಮೊನ್ನೆಯ ನಕಲು. ಡಬ್ಬಿ ಮಾತ್ರ ಅಸಲಿ! ಈಗ ಅಲ್ಲೇ ಬಿಚ್ಚಿಸಿ, ಒಳಗಿನ ನಂಬರನ್ನೂ ಡಬ್ಬಿಯ ನಂಬರನ್ನೂ ಹೋಲಿಸದೆ ದುಡ್ಡು ತೆಗೆಯುವುದಿಲ್ಲ. ಇನ್ನೊಂದು, ರಬ್ಬರು, ಕಾರ್ಕು, ಕಂಡೆನ್ಸರು ಡಬ್ಬಿಯೊಳಗೇ ಮುದುಕಾಗುತ್ತವೆ. ಅವನ್ನು ನೋಡೋಕೆ ಇಟ್ಟುಕೊಳ್ಳಬಹುದು, ಗಾಡಿಗೆ ಹಾಕಬಾರದು.

ಪೂರ್ತಿ ಟ್ರ್ಯಾಕ್ಟರನ್ನು ಬಿಚ್ಚಿ ಬಿಡಿಬಿಡಿಯಾಗಿ ಮಾರಿದರೆ ಒಟ್ಟು ಜಾಸ್ತಿ ಬರುತ್ತದೆ, ಅದು ನಿಜ. ಬ್ಲಾಕು ಸೀಳಿ, ಗೇರು ಪುಡಿಯಾಗಿರುವುದನ್ನು ಬಿಚ್ಚಲಿ, ಅದರಿಂದ ಇನ್ನೂ ಮೂರು ಗಾಡಿ ಉಳಿಯುತ್ತವೆ. ಎರಕದ ತಾರೀಖುಗಳೆಲ್ಲ ಹೊಂದುವ, ಓಡೋಕೆ ತಯಾರಿರುವ ಗಾಡಿಯನ್ನು ಬಿಚ್ಚುವವರನ್ನು ಕಂಡರೆ ನನಗೆ ಆಗುವುದಿಲ್ಲ. ಇದಕ್ಕೆ ಲೆಕ್ಕಾಚಾರದ ಕಾರಣ ಏನೂ ಇಲ್ಲ, ಸುಮ್ನೆ ಆಗುವುದಿಲ್ಲ.

ಬಿಲ್ಲೆ ಕಳೆದುಕೊಂಡ ಮೇಲೆ ನಾನು ಕಲಿತ ಒಂದು ಅಭ್ಯಾಸ ಹೇಳಿ ಮುಂದೆ ಹೋಗುತ್ತೇನೆ. ಏನು ಬಿಚ್ಚಿದರೂ ಮೊದಲು ಫೋಟೋ, ಆಮೇಲೆ ನಂಬರ್ ಬರೆದ ಚೀಟಿ, ಆಮೇಲೆ ಡಬ್ಬಿ. 6 ವೋಲ್ಟಿನ ಡೈನಮೊ ತೆಗೆದು 12 ವೋಲ್ಟಿನ ಆಲ್ಟರ್ನೇಟರ್ ಹಾಕಿಕೊಳ್ಳಿ, ಬೇಡ ಅನ್ನುವುದಿಲ್ಲ, ಚಳಿಗಾಲದ ಬೆಳಿಗ್ಗೆ ನನಗೂ ಬೇಗ ಸ್ಟಾರ್ಟ್ ಆಗಬೇಕು. ಆದರೆ ತೆಗೆದ ಡೈನಮೊವನ್ನು ಗುಜರಿಗೆ ಹಾಕಬೇಡಿ. ನಾಳೆ ನೀವು ಗಾಡಿ ಮಾರುವಾಗ ಆ ಡಬ್ಬಿಯೂ ಜೊತೆಗಿದ್ದರೆ ಕೊಳ್ಳುವವರ ಮುಖ ನೋಡಬೇಕು.

ಹೋದ ತಿಂಗಳು ನನ್ನ ಫಾರ್ಮಾಲ್ ಎಚ್‌ನ ಡೈನಮೊ ಪರೀಕ್ಷೆ ಮಾಡೋಕೆ ಕೂತೆ. ಕ್ಲಚ್ ಹೌಸಿಂಗಿನ ಪ್ಲೇಟಿನಲ್ಲಿ ಎಫ್‌ಬಿಎಚ್ ಅಂತ ಶುರುವಾಗುವ ನಂಬರ್, ವರ್ಷ 1948ಕ್ಕೆ ಹೊಂದುತ್ತದೆ. ಡೈನಮೊ ಡೆಲ್ಕೊ-ರೆಮಿಯದ್ದು, ಪಟ್ಟಿಯ ಮೇಲೆ ಬಣ್ಣ ಮುಚ್ಚಿತ್ತು. ಉಗುರಿನಿಂದ ಕೆರೆದು ಕೆರೆದು ಓದಿದೆ: 8 ಬಿ 17. ಮೊದಲ ಅಂಕಿ ವರ್ಷದ ಕೊನೆಯ ಅಂಕಿ, ಅಕ್ಷರ ತಿಂಗಳು, ಉಳಿದದ್ದು ದಿನ. ಅಂದರೆ ಎಂಟರ ಫೆಬ್ರವರಿ 17. ಆದರೆ ಯಾವ ಎಂಟು? 1938 ಆಗೋಕೆ ಸಾಧ್ಯವಿಲ್ಲ, ಎಚ್ ಬಂದಿದ್ದೇ 1939ರಲ್ಲಿ. 1948 ಆದರೆ ಜೊತೆಯಲ್ಲಿ ಹುಟ್ಟಿದ್ದು. 1958 ಆದರೆ ಯಾರೋ ಆಮೇಲೆ ತಂದು ಹಾಕಿದ್ದು. ಒಂದು ಅಂಕಿಗೆ ಹತ್ತು ವರ್ಷದ ಅನುಮಾನ.

ಎರಡು ದಿನ ತಲೆ ಕೆಡಿಸಿಕೊಂಡು ಕೊನೆಗೆ ಡೈನಮೊವನ್ನು ಹಿಡಿದಿರುವ ಬೋಲ್ಟು ಒಂದನ್ನು ಮಾತ್ರ ಬಿಚ್ಚಿದೆ. ವಾಷರ್ ಎತ್ತಿದರೆ ಅದರ ಕೆಳಗೆ ದುಂಡಗೆ ಬರೀ ಲೋಹ, ಒಂದು ತೊಟ್ಟು ಬಣ್ಣ ಇಲ್ಲ. ಆ ದುಂಡಿನ ಅಂಚಿಗೆ ಸರಿಯಾಗಿ ಹಳೇ ಕೆಂಪು ನಿಂತಿತ್ತು, ಅದೇ ಕೆಂಪು ಒಂದೇ ಪದರವಾಗಿ ಬೋಲ್ಟಿನ ತಲೆಯ ಮೇಲೂ, ಪಕ್ಕದ ಬ್ಲಾಕಿನ ಮೇಲೂ ಹಾಯ್ದಿತ್ತು. ಗಾಡಿಗೆ ಬಣ್ಣ ಹೊಡೆದ ದಿನ ಈ ಡೈನಮೊ ಇದೇ ಜಾಗದಲ್ಲಿ ಕೂತಿತ್ತು. ಅದೇ ವಾಷರನ್ನು ಅದೇ ಮಗ್ಗುಲಿಗೆ ಇಟ್ಟು, ಬೋಲ್ಟನ್ನು ಮತ್ತೆ ಬಿಗಿದೆ.